ಎರಡು ವರ್ಷ ಹನ್ನೊಂದು ದಿನ

ವಾಲ್ಪರೈಸೊ. ಮರಿಪೋಸಾಸ್ ಗುಡ್ಡ.
ಕಡಲಿಂದ ಇನ್ನೂರ ಹದಿನಾಲ್ಕು ಮೆಟ್ಟಿಲು ಮೇಲೆ
ಎದೆಲ್ಮೀರಾಳ ತಗಡಿನ ಮನೆಯಲ್ಲಿ
ಹೊಸ ವಾಷಿಂಗ್ ಮಷೀನು ಕೈಕೊಟ್ಟಿತು.

ಹೊಸದು ಅಂದರೆ, ಕಂತು ಇನ್ನೂ ಆರು ಬಾಕಿ.
ಗ್ಯಾರಂಟಿ ಎರಡು ವರ್ಷ.
ಕೆಟ್ಟದ್ದು ಎರಡು ವರ್ಷ ಹನ್ನೊಂದು ದಿನಕ್ಕೆ.
ಆ ಹನ್ನೊಂದು ದಿನ ಮರ್ಯಾದೆಗೆಂದು ಕಾದಿರಬೇಕು,
ಉಂಡ ಕೂಡಲೇ ಏಳಲು ನಾಚುವ ನೆಂಟನ ಹಾಗೆ.

ಒಳಗೆ ಬಂದರಿನ ಲಾಡ್ಜಿನ ಆರು ಬಿಳಿ ಹಾಸು,
ನಾಳೆ ಹತ್ತಕ್ಕೆ ಕೊಡಬೇಕಾದದ್ದು.
ನೊರೆನೀರು. ತೆರೆಯದ ಬಾಗಿಲು.
ಪುಟ್ಟ ಗಾಜಿನಲ್ಲಿ ಕೆಂಪಗೆ: ಇ ಇಪ್ಪತ್ತೊಂದು.
ಕೈಪಿಡಿ ಇ ಇಪ್ಪತ್ತಕ್ಕೆ ಮುಗಿಯುತ್ತದೆ.

ಕಂಪನಿಗೆ ಫೋನು ಮಾಡಿದಳು.
ಹೆಣ್ಣುದನಿಯೊಂದು, ಮನುಷ್ಯರದಲ್ಲ,
ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು.
ಸಂಗೀತ. ಅಮೂಲ್ಯ. ಸಂಗೀತ.
ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ
ಅವಳು ಈರುಳ್ಳಿ ಹೆಚ್ಚಿದಳು.
ಕೊನೆಗೆ ಸಿಕ್ಕ ಹುಡುಗ, ಪಾಪ, ಒಳ್ಳೆಯವನೇ:
"ಸೆನ್ಯೋರಾ, ರಿಪೇರಿಯ ದುಡ್ಡಿಗೆ ಹೊಸದೇ ಬರುತ್ತೆ."
"ಹೊಸದೇ ಅಲ್ಲವೇನೋ ಮಗಾ, ಇದು?"

ಅಡುಗೆಮನೆಯಲ್ಲಿ ಅವಳ ಅವ್ವನ ಕಾಲದ ಫ್ರಿಜ್ಜಿದೆ.
ದುಂಡು ಹೆಗಲು, ಲಾರಿ ಬಾಗಿಲಿನಂಥ ಹಿಡಿಕೆ.
ಎರಡು ಭೂಕಂಪದಲ್ಲಿ ಮಕಾಡೆ ಬಿದ್ದು
ಎಬ್ಬಿಸಿ ನಿಲ್ಲಿಸಿದಾಗ ಒಮ್ಮೆ ಕೆಮ್ಮಿ
ಮತ್ತೆ ಹಾಲು ಕಾಯತೊಡಗಿತ್ತು.
ಕರೆಂಟು ಕುಡಿಯುತ್ತದೆ, ನಿಜ,
ಕುಡುಕ ಸೋದರಮಾವನ ಹಾಗೆ.
ಆದರೆ ಕರೆದಾಗ ಇರುತ್ತದೆ.

ಸಂಜೆ ನೋಲ್ಬೆರ್ತೊ ಬಂದ. ಎಪ್ಪತ್ತೊಂದು ವರ್ಷ.
ಬಲ ಮೊಣಕಾಲು ಆಸ್ಪತ್ರೆಯದು,
ಎಡದ್ದು ಹಡೆದವ್ವ ಕೊಟ್ಟದ್ದು.
ಮೆಟ್ಟಿಲು ಬಿಟ್ಟು ಮೆಟ್ಟಿಲಿಗೆ ಎರಡನ್ನೂ ಬಯ್ಯುತ್ತಾ ಬಂದ.

ಚಾಕು ತೂರಿಸಿ ಬಾಗಿಲು ತೆಗೆದು, ನೀರು ಬಸಿದು,
ಮಷೀನನ್ನು ಮಗ್ಗುಲಿಗೆ ಮಲಗಿಸಿ ಬೆನ್ನು ಬಿಚ್ಚಿದ.
ಡ್ರಮ್ಮು ತಿರುಗಿಸಿ ಕಿವಿಯಿಟ್ಟ.
"ಬೇರಿಂಗು. ಅಂಗೈಯಲ್ಲಿ ಮುಚ್ಚಿಡುವಷ್ಟು.
ಎರಡು ಊಟದ ದುಡ್ಡು."
ಮತ್ತೆ ಸುಮ್ಮನಾದ.
ಬಹಳ ಹೊತ್ತು ಸುಮ್ಮನಿದ್ದ.
"ತೊಟ್ಟಿಯನ್ನು ಬೆಸೆದುಬಿಟ್ಟಿದ್ದಾರೆ, ಎದೆಲ್ಮೀರಾ.
ಒಂದೂ ಸ್ಕ್ರೂ ಇಲ್ಲ. ಅಂಚಿನ ಸುತ್ತ
ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಿಗೆ ಕರಗಿ ಕೂತಿದೆ.
ಯಾರೋ ಮೇಜಿನ ಮುಂದೆ, ಕಾಫಿ ಕುಡಿಯುತ್ತಾ,
ನನ್ನಂಥವನು ಒಳಗೆ ಬರಬಾರದು ಅಂತ
ಗೆರೆ ಎಳೆದಿದ್ದಾನೆ."

ದನಿಯಲ್ಲಿ ಸಿಟ್ಟಿರಲಿಲ್ಲ.
ಕರೆಯದ ಮದುವೆಯ ವಾದ್ಯ
ದೂರದಿಂದ ಕೇಳಿಸಿಕೊಂಡವನ ಹಾಗಿತ್ತು.

ಆಮೇಲೆ ಗರಗಸ ತೆಗೆದ.

ಎರಡು ಗಂಟೆ ಕೊಯ್ದ. ಬಿಳಿ ಹೊಟ್ಟು
ನೆಲದ ಮೇಲೆ, ಬೆಕ್ಕಿನ ಮೇಲೆ.
ಬೇರಿಂಗು ಬದಲಿಸಿ, ಅಂಚಿನುದ್ದ ಮೂವತ್ತೊಂದು ತೂತು ಕೊರೆದು
ದೋಣಿ ಕಟ್ಟುವವರ ಅಂಟು ಸವರಿ ಬೋಲ್ಟು ಬಿಗಿದ.
ಎದೆಲ್ಮೀರಾ ದೀಪ ಹಿಡಿದಿದ್ದಳು.
ಮೂವತ್ತನ್ನು ಎಣಿಸಿದಳು, ಒಂದು ತಪ್ಪಿತು.

ರಾತ್ರಿ ಹನ್ನೆರಡಕ್ಕೆ ಅದು ತಿರುಗಿತು.
ಹೊಲಿಗೆ ಹಾಕಿದ ಹೊಟ್ಟೆ ಹೊತ್ತು, ಕುಣಿಯುತ್ತಾ,
ಬಾಗಿಲ ಕಡೆ ನಡೆದೇಬಿಟ್ಟಿತು.
ಹಗ್ಗ ತಂದು ಕಂಬಕ್ಕೆ ಬಿಗಿಯಬೇಕಾಯಿತು, ಹೋರಿ ಕಟ್ಟಿದಂತೆ.
ಗಾಜು ಮಾತ್ರ ಪಟ್ಟು ಬಿಡದೆ ಹೇಳುತ್ತಲೇ ಇತ್ತು:
ಇ ಇಪ್ಪತ್ತೊಂದು, ಇ ಇಪ್ಪತ್ತೊಂದು.
ಅದರ ಮೇಲೆ ಗಾಯದ ಪಟ್ಟಿ ಅಂಟಿಸಿದಳು.

"ಎಷ್ಟು ದಿನ ಬಾಳಿಕೆ ಬರುತ್ತೆ?"
"ಮೊಣಕಾಲಿಗೆ ಡಾಕ್ಟರು ಹದಿನೈದು ವರ್ಷ ಅಂದರು.
ಮಿಕ್ಕ ಭಾಗದ ಬಗ್ಗೆ ಏನೂ ಹೇಳಲಿಲ್ಲ."

"ಮತ್ತೆ ಗ್ಯಾರಂಟಿ?"
ಅವನು ಕಿಟಕಿ ತೆರೆದ. ನಲವತ್ತು ಮೆಟ್ಟಿಲು ಕೆಳಗೆ
ಹಳದಿ ತಗಡಿನ ಮಾಡು, ಆರಿಸಲು ಮರೆತ ಬಲ್ಬು.
"ಕೂಗು.
ಗಾಳಿ ಆ ಕಡೆಗಿದ್ದರೆ ಕೇಳಿಸುತ್ತೆ."